ಮುಚ್ಚಳದ ಒಳಗಿನ ಚೀಟಿ

ಅರಸೀಕೆರೆಯಲ್ಲಿ ಫಣಿರಾಜ ಎಂಬ ರಿಪೇರಿಗಾರನಿದ್ದ. ಮಿಕ್ಸಿ, ಟಿ.ವಿ., ಫ್ಯಾನು, ಏನೇ ಕೆಟ್ಟರೂ ಊರಿನವರು ಅವನ ಅಂಗಡಿಗೇ ತರುತ್ತಿದ್ದರು. ಕೆಲಸದಲ್ಲಿ ಚುರುಕು. ಆದರೆ ತನ್ನ ಕೈಯ ಬಗ್ಗೆ ಅವನಿಗೆ ಸ್ವಲ್ಪ ಜಂಬ. "ನಾನು ಮುಟ್ಟಿದ ಮೇಲೆ ಸರಿಹೋಗದ ಸಾಮಾನು ಇನ್ನೂ ಹುಟ್ಟಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಚೆನ್ನಬಸವಯ್ಯ ಎಂಬ ಹಿರಿಯರು ಕೋಲು ತಟ್ಟುತ್ತಾ ಅಂಗಡಿಗೆ ಬಂದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವರ ಕಸುಬು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇತ್ತು.

"ಇದು ಮಾತಾಡಿ ಒಂಬತ್ತು ವರ್ಷ ಆಯ್ತಪ್ಪ. ಸೆಲ್ಲು ಒಳಗೇ ಸೋರಿ ಕೆಟ್ಟುಹೋಯ್ತು. ಎಲ್ಲರೂ ಎಸೀರಿ ಅಂದ್ರು. ನನಗೆ ಮನಸ್ಸು ಬರಲಿಲ್ಲ."

"ಹೊಸದು ತಗೊಳ್ಳಿ ಯಜಮಾನ್ರೇ. ಮೊಬೈಲಿನಲ್ಲೇ ರೇಡಿಯೊ ಬರುತ್ತೆ."

"ಮೊಬೈಲು ಬರೀ ನುಣ್ಣನೆ ಗಾಜು. ಎಲ್ಲಿ ಒತ್ತಬೇಕೋ ನನಗೆ ಹೇಗೆ ಗೊತ್ತಾಗಬೇಕು? ಈ ಗುಂಡಿಗಳನ್ನ ನನ್ನ ಬೆರಳುಗಳು ಬಲ್ಲವು. ದಿನವಿಡೀ ಒಬ್ಬನೇ ಕೂತು ಹೆಣೀತೀನಿ. ಪಕ್ಕದಲ್ಲಿ ಇದೊಂದು ಮಾತಾಡ್ತಿದ್ರೆ ಸಾಕು."

ಫಣಿರಾಜ ರೇಡಿಯೊ ಬಿಚ್ಚಿ ನೋಡಿದ. ಸೆಲ್ ಕೂರಿಸುವ ಜಾಗವೆಲ್ಲ ಹಸಿರು ಕಿಲುಬು. ತಂತಿಗಳು ಬಣ್ಣ ಯಾವುದೆಂದೇ ತಿಳಿಯದಂತೆ ಕಪ್ಪಾಗಿದ್ದವು. ಅವನು ಎರಡು ದಿನ ಕೂತು ಕಿಲುಬು ಕೆರೆದ, ಒಣಗಿದ ಬಿಡಿಭಾಗಗಳನ್ನು ಬದಲಿಸಿದ, ನಾಲ್ಕು ದೊಡ್ಡ ಸೆಲ್ಲು ಹಿಡಿಸುವ ಹೊಸ ಡಬ್ಬಿ ತಂದು ಅದರ ಎರಡು ತಂತಿಗಳನ್ನು ರೇಡಿಯೊಗೆ ಬೆಸೆದ. ತಾನು ಕಂಡ ಎಲ್ಲ ಸೆಟ್ಟುಗಳಲ್ಲೂ ಮೈನಸ್ ತಂತಿ ಒಳಗಿನ ತಗಡಿಗೆ ಸೇರುತ್ತಿತ್ತು. ಇಲ್ಲೂ ಹಾಗೆಯೇ ಸೇರಿಸಿದ.

ಮೂರನೆಯ ದಿನ ಚೆನ್ನಬಸವಯ್ಯ ಬಂದು ಬೆಂಚಿನ ಮೇಲೆ ಕೂತರು. ಫಣಿರಾಜ ಮೂರು ಸೆಲ್ಲು ಹಾಕಿದ. ನಾಲ್ಕನೆಯದು ಕೈಯಲ್ಲಿತ್ತು.

"ಹಿಂದಿನ ಮುಚ್ಚಳ ಒಂದ್ಸಲ ಒರೆಸಿಬಿಡಪ್ಪ. ಧೂಳಿದ್ರೆ ನನಗೆ ಸೀನು ನಿಲ್ಲೋದಿಲ್ಲ" ಎಂದರು ಅವರು.

ಫಣಿರಾಜ ಸೆಲ್ಲನ್ನು ಕೆಳಗಿಟ್ಟು ಮುಚ್ಚಳ ಎತ್ತಿಕೊಂಡ. ಒಳಮೈಯಲ್ಲಿ, ಧೂಳಿನ ಕೆಳಗೆ, ಗೋಂದಿನಿಂದ ಅಂಟಿಸಿದ ಒಂದು ಚೀಟಿ ಇತ್ತು. ಅಕ್ಷರ ಮಾಸಿದ್ದರೂ ಓದುವಂತಿತ್ತು.

'ಮುಂದೆ ಇದನ್ನು ಬಿಚ್ಚುವ ಅಣ್ಣನಿಗೆ ಸಲಾಂ. ಈ ಸೆಟ್ಟಿನಲ್ಲಿ ಪ್ಲಸ್ ತಂತಿ ತಗಡಿಗೆ ಸೇರಬೇಕು. ಅದಲುಬದಲಾದರೆ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಸುಟ್ಟುಹೋದ ಒಂದರ ಬದಲು ಅಂಥದ್ದೇ ಇನ್ನೊಂದನ್ನು ಹುಡುಕಿ ತರಲು ನನಗೆ ಹತ್ತೊಂಬತ್ತು ದಿನ ಬೇಕಾಯಿತು. ಇದರ ಯಜಮಾನರಿಗೆ ಕಣ್ಣಿಲ್ಲ. ಜೋಪಾನ. ಕರೀಂಖಾನ್, ತಿಪಟೂರು.'

ಫಣಿರಾಜ ಚೀಟಿಯನ್ನು ಇನ್ನೊಮ್ಮೆ ಓದಿದ. ಇನ್ನೊಂದು ಸೆಲ್ಲು ಹಾಕಿ ಗುಂಡಿ ತಿರುಗಿಸಿದ್ದರೆ ಈ ರೇಡಿಯೊ ಮತ್ತೆಂದೂ ಮಾತಾಡುತ್ತಿರಲಿಲ್ಲ. ಅವನು ಸದ್ದಿಲ್ಲದೆ ಸೆಲ್ಲುಗಳನ್ನು ತೆಗೆದ. ಬೆಸುಗೆ ಬಿಡಿಸಿ ತಂತಿಗಳನ್ನು ಅದಲುಬದಲು ಮಾಡಿದ. ಮತ್ತೆ ಸೆಲ್ಲು ಹಾಕಿ, "ಈಗ ನೀವೇ ತಿರುಗಿಸಿ" ಎಂದು ರೇಡಿಯೊವನ್ನು ಅವರ ತೊಡೆಯ ಮೇಲಿಟ್ಟ.

ಗುಂಡಿ ತಿರುಗಿತು. ಗೊರಗೊರ ಸದ್ದಾಯಿತು. ಆಮೇಲೆ ಯಾರೋ ಒಬ್ಬರು ರಾಗಿ ಬಿತ್ತನೆಯ ಬಗ್ಗೆ ನಿಧಾನವಾಗಿ ಹೇಳತೊಡಗಿದರು. ಚೆನ್ನಬಸವಯ್ಯನವರಿಗೆ ಹೊಲವೂ ಇರಲಿಲ್ಲ, ರಾಗಿಯೂ ಇರಲಿಲ್ಲ. ಆದರೂ ಅದನ್ನು ಕೇಳುತ್ತಿದ್ದಂತೆ ಅವರ ಕೆನ್ನೆಯ ಮೇಲೆ ಕಣ್ಣೀರಿಳಿಯಿತು.

"ನಿನ್ನಂಥ ಕೈ ಈ ಸೀಮೆಯಲ್ಲೇ ಇಲ್ಲಪ್ಪ! ಎಲ್ಲರಿಗೂ ಹೇಳ್ತೀನಿ, ನೋಡ್ತಿರು."

ಚೀಟಿ ಇರುವುದು ಅವರಿಗೆ ಕಾಣುವಂತಿರಲಿಲ್ಲ. ಸುಮ್ಮನಿದ್ದರೆ ಹೊಗಳಿಕೆಯೆಲ್ಲ ತನಗೇ. ಒಂದು ಗಳಿಗೆ ಫಣಿರಾಜನಿಗೂ ಸುಮ್ಮನಿರೋಣ ಅನ್ನಿಸಿತು. ಆದರೆ ಹತ್ತೊಂಬತ್ತು ದಿನ ಅಲೆದ ಆ ಮನುಷ್ಯನನ್ನು ನೆನೆದಾಗ ಮನಸ್ಸು ಒಪ್ಪಲಿಲ್ಲ.

"ಯಜಮಾನ್ರೇ, ನಾನು ಇದನ್ನ ಸುಟ್ಟೇ ಬಿಡ್ತಿದ್ದೆ. ಉಳಿಸಿದವರು ಬೇರೆ ಇದ್ದಾರೆ" ಎಂದವನೇ ಚೀಟಿಯನ್ನು ಗಟ್ಟಿಯಾಗಿ ಓದಿದ.

ಚೆನ್ನಬಸವಯ್ಯ ರೇಡಿಯೊ ಆರಿಸಿದರು.

"ಕರೀಂ ಸಾಬ್ರು... ಆಗ ನಾನು ತಿಪಟೂರಿನಲ್ಲಿ ಕೆಲಸಕ್ಕಿದ್ದೆ. ಇಪ್ಪತ್ತು ದಿನ ಸತಾಯಿಸಿದ್ರು ಅಂತ ನಾಲ್ಕು ಜನರ ಮುಂದೆ ಬೈದೆ. 'ನಿನಗೆ ಕೆಲಸ ಬರೋದಿಲ್ಲ' ಅಂದು ರೇಡಿಯೊ ಕಿತ್ಕೊಂಡು ಬಂದೆ. ಆಮೇಲೆ ಇದು ಇಪ್ಪತ್ತು ವರ್ಷ ಹಾಡ್ತು. ಒಂದು ದಿನವೂ ಹೋಗಿ ಹೇಳಲಿಲ್ಲ."

"ಇವತ್ತು ಹೋಗೋಣ ನಡೀರಿ" ಎಂದ ಫಣಿರಾಜ. ಅಂಗಡಿಯ ಬಾಗಿಲೆಳೆದು, ಅವರ ಕೈ ಹಿಡಿದು ರೈಲು ಹತ್ತಿಸಿದ.

ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಕೇಳುತ್ತಾ ಹೋದಾಗ ಮನೆ ಸಿಕ್ಕಿತು. ಕರೀಂಖಾನರು ಜಗಲಿಯ ಮೇಲೆ ಕೂತಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಕೈಗಳು ನಡುಗುತ್ತಿದ್ದವು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಚೆನ್ನಬಸವಯ್ಯ ರೇಡಿಯೊ ಹಚ್ಚಿ ಅವರ ಮಡಿಲಲ್ಲಿಟ್ಟರು. ಮುದುಕರು ತಲೆ ವಾಲಿಸಿ ಕೇಳಿದರು. ನಡುಗುವ ಬೆರಳುಗಳಿಂದ ಅದರ ಅಂಚನ್ನೆಲ್ಲ ಸವರಿದರು.

"ಸಾಬ್ರೇ, ಅವತ್ತು ನಿಮ್ಮನ್ನ ಬೈದ ಪಾಪಿ ನಾನೇ. ನೀವು ರಿಪೇರಿ ಮಾಡಿಕೊಟ್ಟಿದ್ದರಿಂದ ಇಪ್ಪತ್ತು ವರ್ಷ ನನಗೊಬ್ಬ ಜೊತೆಗಾರ ಸಿಕ್ಕಂತಾಯ್ತು. ಅದನ್ನ ಹೇಳೋಕೆ ಬಂದೆ."

"ನನ್ನದೂ ಒಂದು ಸಲಾಂ ಸಾಬ್ರೇ. ನಿಮ್ಮ ಚೀಟಿಯಿಂದ ನನ್ನ ಕೈಯಲ್ಲಿ ಇದು ಸುಟ್ಟುಹೋಗೋದು ತಪ್ಪಿತು" ಎಂದು ಫಣಿರಾಜ ಅವರ ಕಾಲು ಮುಟ್ಟಿದ.

ಕರೀಂಖಾನರು ನಕ್ಕರು. "ಬೈದಿದ್ದು ನೆನಪಿಲ್ಲ ಸ್ವಾಮಿ. ಬೈದವರು ಬಹಳ ಜನ. ನಲವತ್ತು ವರ್ಷ ಅಂಗಡಿ ನಡೆಸಿದೆ. ಸೆಟ್ಟು ಕೆಟ್ಟರೆ ಅವತ್ತೇ ಓಡಿ ಬರೋರು. ಚೆನ್ನಾಗಿ ಹಾಡ್ತಿದೆ ಅಂತ ಹೇಳೋಕೆ ಬಂದವರು ನೀವೇ ಮೊದಲು."

ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. "ಶಾಹೀನಾ, ಒಲೆ ಆರಿಸಿ ಬಾರಮ್ಮ ಇಲ್ಲಿ." ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಮುದುಕರು ಕಣ್ಣು ತುಂಬಿಕೊಂಡು ಚೆನ್ನಬಸವಯ್ಯನವರ ಕೈ ಹಿಡಿದರು.

"ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ ಸ್ವಾಮಿ. ಇವಳೂ ಕೇಳಲಿ."

ನೀತಿ: ಕೆಟ್ಟಾಗ ದೂರನ್ನು ನಾವು ಅಂದೇ ಮುಟ್ಟಿಸುತ್ತೇವೆ. ಒಳ್ಳೆಯದಾದಾಗ ಕೃತಜ್ಞತೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತೇವೆ. ನಮಗೆ ಒಳಿತು ಮಾಡಿದವರ ಬಾಗಿಲಿಗೆ ಹೋಗಿ, ಅವರು ಇರುವಾಗಲೇ, ಬಾಯಿಬಿಟ್ಟು ಹೇಳಬೇಕು.