ಪಾಲಾದ ಇಕ್ಕಳ

ಬಹಳ ಹಿಂದೆ, ಚಕ್ಕಡಿಯ ಗಾಲಿ ಬಿಟ್ಟರೆ ಬೇರೆ ಗಾಲಿಯನ್ನೇ ಜನ ಕಾಣದಿದ್ದ ಕಾಲದಲ್ಲಿ, ಜಾಲಿಮಡ್ಡಿ ಎಂಬ ಒಂದು ಊರಿನಲ್ಲಿ ಹುಸೇನಸಾಬ ಎಂಬುವನಿದ್ದ. ಊರಿಗೆಲ್ಲ ಅವನು ಹುಸೇನಜ್ಜ. ಅವನು ಯಾವಾಗ ಹುಟ್ಟಿದ ಎಂದು ಬಲ್ಲವರಿಲ್ಲ. ಹುಟ್ಟುವಾಗಲೇ ಅಜ್ಜನಾಗಿದ್ದ ಎಂದು ಹೇಳುವವರಿದ್ದಾರೆ.

ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಚೀಲ. ಬುಟ್ಟಿಯಲ್ಲಿ ಖರ್ಜೂರ, ಚೀಲದಲ್ಲಿ ಹಳೇ ಕಬ್ಬಿಣ. "ಮುರಕ ಕಬ್ಬಿಣಕ್ಕ ಖರ್ಜೂರಾ..." ಎಂದು ಓಣಿಯ ತುದಿಯಲ್ಲಿ ಅವನು ಕೂಗಿದರೆ ಮನೆಮನೆಯ ಮಕ್ಕಳು ಮೂಲೆಮೂಲೆ ತಡಕುತ್ತಿದ್ದವು. ಸವೆದ ನೇಗಿಲ ಕುಡ, ತೂತುಬಿದ್ದ ಹಂಚು, ಹಿಡಿ ಹೋದ ಕುಡಗೋಲು ಹೊರಗೆ ಬರುತ್ತಿದ್ದವು. ಒಮ್ಮೆ ಒಬ್ಬ ಹುಡುಗ ಅಜ್ಜಿಯ ಅಡಕೊತ್ತನ್ನೇ ತಂದುಕೊಟ್ಟನಂತೆ. ಅಡಕೊತ್ತು ಮೊದಲು ಮನೆಗೆ ತಿರುಗಿ ಹೋಯಿತೋ ಅಜ್ಜಿಯ ಬೈಗುಳ ಮೊದಲು ಓಣಿಗೆ ಬಂತೋ, ಎರಡೂ ಥರ ಹೇಳುತ್ತಾರೆ.

ಆ ಮುರುಕು ಕಬ್ಬಿಣವೆಲ್ಲ ಪೇಟೆಯ ಭಟ್ಟಿಗೆ ಹೋಗಿ ಕರಗುತ್ತಿತ್ತು. ಕಸುಬಿನ ಸಾಮಾನು ಮಾತ್ರ ಹೋಗುತ್ತಿರಲಿಲ್ಲ. ಇಕ್ಕಳ, ಚಿಮಟ, ಉಳಿ, ಬಾಚಿ, ಅರ ಏನೇ ಸಿಕ್ಕರೂ ಹುಸೇನಜ್ಜ ಬೇರೆ ತೆಗೆದು ತನ್ನ ಮನೆಯ ಮಣ್ಣಿನ ಗೋಡೆಗೆ ಗೂಟ ಹೊಡೆದು ತೂಗುಹಾಕುತ್ತಿದ್ದ. ಚಿನ್ನದ ಕೆಲಸದ ಪತ್ತಾರರ ಹಕ್ಕಿಕೊಕ್ಕಿನಂಥ ಇಕ್ಕಳ, ಮೋಚಿಯ ಅಗಲಬಾಯಿಯ ಇಕ್ಕಳ, ಎತ್ತಿನ ಗೊರಸಿಗೆ ನಾಲು ಕಟ್ಟುವವರ ಮೊಳೆ ಕೀಳುವ ಇಕ್ಕಳ, ಕಾಲಿನ ಮುಳ್ಳು ತೆಗೆಯುವ ಸಣ್ಣ ಚಿಮಟ. ಗೋಡೆ ಕಾಣದಷ್ಟು ಇದ್ದವಂತೆ.

ಸಾಮಾನು ಕೈಗೆ ಬಂದರೆ ಮೊದಲು ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಹೆಬ್ಬೆರಳು ಎಲ್ಲಿ ಕೂತಿದೆ, ಯಾವ ಕಡೆ ಸವೆದಿದೆ, ಬಾಯಿ ಎಲ್ಲಿ ಕಚ್ಚುತ್ತದೆ ಎಂದು ನೋಡುತ್ತಿದ್ದ. ಆಮೇಲೆ ಹೇಳುತ್ತಿದ್ದ: ಇದು ಎಡಗೈಯವನದು, ಇದು ಬೆಳ್ಳಿ ಎಳೆದದ್ದು, ಇದನ್ನು ಹಿಡಿದವನ ತೋರುಬೆರಳು ತುಂಡಾಗಿತ್ತು. ಹೋಗಿ ವಿಚಾರಿಸಿದರೆ ಹಾಗೇ ಇರುತ್ತಿತ್ತು ಎನ್ನುತ್ತಾರೆ.

ತುಕ್ಕು ತೆಗೆಯುವುದಕ್ಕೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕುತ್ತಿದ್ದ. ಬೂದಿಯಲ್ಲಿ ತೊಳೆದು, ಸೆಣಬಿನ ನಾರಿನಿಂದ ತಿಕ್ಕಿ, ಒಣಗಿಸಿ, ಕುಸುಬಿ ಎಣ್ಣೆ ಹಚ್ಚುತ್ತಿದ್ದ. ಬಿಗಿಹಿಡಿದ ಕೀಲಿಗೆ ಎಣ್ಣೆ ಬಿಟ್ಟು ಬಿಸಿಲಿಗಿಡುತ್ತಿದ್ದ. ತೆರೆಯದಿದ್ದರೆ ಮತ್ತೆ ಎಣ್ಣೆ, ಮತ್ತೆ ಬಿಸಿಲು. ಹಾಳುಬಾವಿಯ ಕೆಸರಿನಲ್ಲಿ ಸಿಕ್ಕ ಇಕ್ಕಳವೊಂದು ಅವನ ಕೈಯಲ್ಲಿ ಆಕಳಿಸಿದ ಹಾಗೆ ಬಾಯಿ ತೆರೆಯಿತು ಎನ್ನುತ್ತಾರೆ. ಆದರೆ ಹಳೆಯ ಸಾಮಾನಿಗೆ ಅರ ಹಾಕಿ ಮಾತ್ರ ಉಜ್ಜುತ್ತಿರಲಿಲ್ಲ. ಹೊಸದರ ಹಾಗೆ ಫಳಫಳ ಮಾಡಿಕೊಡು ಎಂದು ಯಾರೋ ಕೇಳಿದ್ದಕ್ಕೆ ಹೀಗೆಂದನಂತೆ: "ತುಕ್ಕು ಗಾಳೀದು, ಅದನ್ನ ತಗೀತೀನಿ. ಸವೆದದ್ದು ದುಡದ ಮನಶಾಂದು. ಅದನ್ನ ತಗಿಯಾಕ ನಾ ಯಾಂವ?"

ಹುಡುಕಿಕೊಂಡು ಬಂದವರಿಗೆ ಸಾಮಾನು ತಿರುಗಿ ಕೊಡುತ್ತಿದ್ದ. ಎಣ್ಣೆ ಹಚ್ಚುತ್ತಿರಿ ಎನ್ನುವುದೊಂದೇ ಅವನ ಕರಾರು.

ಆ ಊರಲ್ಲಿ ಈಶ್ವರಪ್ಪ ಎಂಬ ಕಂಬಾರನಿದ್ದ. ಅವನ ದೊಡ್ಡ ಇಕ್ಕಳ ಸುತ್ತಲ ಊರಿಗೆಲ್ಲ ಗೊತ್ತು. ಕೆಂಪಗೆ ಕಾದ ಗಾಲಿಪಟ್ಟಿಯನ್ನು ಅದು ಹಿಡಿದರೆ ಬೀಳಿಸಿದ್ದಿಲ್ಲ. ಅದೇ ಬಾಯಿಂದ ಎತ್ತಿನ ಗೊರಸಿನ ಮುಳ್ಳನ್ನೂ ಎಳೆಯುತ್ತಿದ್ದ ಎನ್ನುತ್ತಾರೆ. ಈಶ್ವರಪ್ಪ ತೀರಿಕೊಂಡ ಮೇಲೆ ಮಕ್ಕಳಿಬ್ಬರು, ಅಣ್ಣ ಕಾಳಪ್ಪ, ತಮ್ಮ ಮೌನೇಶ, ಬೇರೆಯಾದರು. ಹಿರಿಯರು ಕೂತು ಪಾಲು ಮಾಡಿದರು. ಕಬ್ಬಿಣ ಬಡಿಯುವ ಅಡಿಗಲ್ಲು ಅಣ್ಣನಿಗೆ, ಬೆಂಕಿಗೆ ಗಾಳಿ ಊದುವ ತಿದಿ ತಮ್ಮನಿಗೆ. ತಿದಿಯಿಲ್ಲದ ಕುಲುಮೆ ಒಂದು, ಅಡಿಗಲ್ಲಿಲ್ಲದ ಕುಲುಮೆ ಒಂದು. ಊರು ನಕ್ಕಿತು. ಕೊನೆಗೆ ಇಕ್ಕಳ ಉಳಿಯಿತು. ನನಗೆ ಬೇಕೆಂದ ಅಣ್ಣ, ನನಗೆ ಬೇಕೆಂದ ತಮ್ಮ. ಹಿರಿಯರು ಸಾಕಾಗಿ ಎದ್ದುಹೋದರು. ಆಗ ಕಾಳಪ್ಪ ಇಕ್ಕಳವನ್ನು ಅಡಿಗಲ್ಲಿನ ಮೇಲಿಟ್ಟು, ಎರಡು ಕಾಲನ್ನೂ ಹಿಡಿದಿಟ್ಟಿದ್ದ ನಡುವಿನ ಕೀಲನ್ನು ಹೊಡೆದು ಹಾರಿಸಿದ. ಒಂದು ಕಾಲು ತಾನಿಟ್ಟುಕೊಂಡು ಇನ್ನೊಂದನ್ನು ತಮ್ಮನ ಮುಂದೆ ಎಸೆದ. ಅಂದೇ ಮನೆಯ ನಡುವೆ ಗೋಡೆ ಎದ್ದಿತು. ಅಂದೇ ಮಾತೂ ನಿಂತಿತು.

ಹೊಸ ಇಕ್ಕಳ ಮಾಡಿಕೊಳ್ಳಬಹುದಿತ್ತಲ್ಲ? ಮಾಡಿಕೊಂಡರು. ಆದರೆ ಅಪ್ಪನ ಇಕ್ಕಳ ಇಬ್ಬರಿಗೂ ಇಲ್ಲವಾಯಿತು.

ಕೆಲವು ವರ್ಷದ ಮೇಲೆ ಕಾಳಪ್ಪನ ಹೆಂಡತಿ ಕಮಲವ್ವ ಹಳೇ ಕಬ್ಬಿಣದ ಜೊತೆ ಒಂದು ಉದ್ದನೆಯ ತುಂಡನ್ನೂ ಹಾಕಿ ಖರ್ಜೂರ ಒಯ್ದಳು. ಹುಸೇನಜ್ಜ ಮನೆಗೆ ಬಂದು ಅದರ ತುಕ್ಕು ತೆಗೆದ. ಕೀಲಿನ ತೂತಿನ ಪಕ್ಕ ಉಳಿಯಿಂದ ಹೊಡೆದ ಗೆರೆಯೊಂದು ಕಂಡಿತು. ಗೆರೆ ಅಂಚಿನಲ್ಲಿ ತಟ್ಟನೆ ನಿಂತಿತ್ತು. ಈಶ್ವರಪ್ಪ ಎರಡು ಕಾಲನ್ನೂ ಜೋಡಿಸಿ, ಎರಡರ ಮೇಲೂ ಹಾಯುವ ಹಾಗೆ ಒಂದೇ ಗೆರೆ ಹೊಡೆಯುತ್ತಿದ್ದ. ಆ ಕಾಲಿಗೆ ಅದೇ ಕಾಲು ಜೋಡಿ. ಬೇರೆ ಕಾಲು ತಂದರೆ ಗೆರೆ ಕೂಡುವುದಿಲ್ಲ. ಹುಸೇನಜ್ಜನಿಗೆ ಅದು ಯಾವುದೆಂದು ತಿಳಿಯಿತು. ಉಳಿದರ್ಧ ಗೆರೆ ಎಲ್ಲಿದೆ ಎಂದೂ ತಿಳಿಯಿತು.

ಅಂದಿನಿಂದ ಗೋಡೆಯ ಬೇರೆ ಸಾಮಾನು ಅವನಿಗೆ ಕಾಣದಾದವು. ಆ ಒಂಟಿ ಕಾಲೊಂದೇ ಕಾಣುತ್ತಿತ್ತು.

ಮೌನೇಶನ ಮನೆಗೆ ಹೋದ. ಅವನ ಪಾಲಿನ ಕಾಲು ದನದ ಕೊಟ್ಟಿಗೆಯ ಬಾಗಿಲಿಗೆ ಅಗುಳಿಯಾಗಿ ತುಸು ಬಾಗಿತ್ತು. ಹುಸೇನಜ್ಜ ಕೇಳಿದ. ಮೌನೇಶ ಕೊಡಲಿಲ್ಲ. "ನನ್ನ ಪಾಲಿಂದು ನನ್ನ ಬಾಗಲಕ್ಕ ಐತಿ. ಬೇಕಾದಾಂವ ಬಂದು ಕೇಳ್ಲಿ" ಎಂದ. ಕೇಳಬೇಕಾದವನ ಬಳಿ ಹೋದರೆ, "ನಾ ಯಾಕ ಕೇಳ್ಲಿ? ನಂದು ಖರ್ಜೂರಕ್ಕ ಹೋಗೇತಿ" ಎಂದು ಕಾಳಪ್ಪ ಸುತ್ತಿಗೆ ಎತ್ತಿದ. ಹೀಗೆ ಎಷ್ಟೋ ಸುಗ್ಗಿ ಕಳೆದವು. ಪ್ರತಿ ಸುಗ್ಗಿಗೂ ಹುಸೇನಜ್ಜ ಎರಡೂ ಬಾಗಿಲಿಗೆ ಹೋಗುತ್ತಿದ್ದ. ಎರಡೂ ಕಡೆ ಮಜ್ಜಿಗೆ ಕುಡಿದು ಬರಿಗೈಯಲ್ಲಿ ಬರುತ್ತಿದ್ದ ಎನ್ನುತ್ತಾರೆ.

ಹಾಗಿರುವಾಗ ಅವನ ಕೈ ನಡುಗತೊಡಗಿತು. ಎಣ್ಣೆಯ ಬಟ್ಟಲು ಚೆಲ್ಲತೊಡಗಿತು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಉಳಿದ ಸಾಮಾನಿಗೆ ಚಿಂತೆಯಿಲ್ಲ, ಯಾರಾದರೂ ಒಯ್ದು ಬಳಸುತ್ತಾರೆ. ಒಂಟಿ ಕಾಲನ್ನು ಯಾರು ಒಯ್ಯುತ್ತಾರೆ? ತಾನು ಹೋದ ಮರುದಿನ ಅದು ಭಟ್ಟಿಗೆ ಹೋಗುತ್ತದೆ, ಕರಗಿ ಯಾವುದೋ ಮೊಳೆಯಾಗುತ್ತದೆ. ಆಮೇಲೆ ಅಣ್ಣ ತಮ್ಮ ಬೇಕೆಂದರೂ ಜೋಡಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಇದೊಂದೇ ಅವನನ್ನು ಕೊರೆಯುತ್ತಿತ್ತು.

ಒಂದು ದಿನ ಅವನು ಗೋಡೆಯಿಂದ ಒಂಟಿ ಕಾಲನ್ನು ಇಳಿಸಿ ಎಣ್ಣೆ ಒರೆಸಿ ಒಯ್ದ. ಕೇಳುವುದಕ್ಕಲ್ಲ. ಮೌನೇಶನ ಕೈಗೆ ಅದನ್ನೇ ಕೊಟ್ಟುಬಿಟ್ಟ. "ನಿಂದು ನೀ ಕೊಡಬ್ಯಾಡ. ನಂದು ನೀ ಇಟ್ಕೋ" ಎಂದು ಹೇಳಿ, ಅವತ್ತು ಮಜ್ಜಿಗೆಯನ್ನೂ ಕುಡಿಯದೆ ಹೊರಟುಬಂದ.

ಎರಡು ಕಾಲೂ ಕೈಯಲ್ಲಿದ್ದ ಮೇಲೆ ಕಂಬಾರನಾದವನು ಸುಮ್ಮನಿರುವುದು ಹೇಗೆ? ಮೌನೇಶ ಅಗುಳಿ ಬಿಚ್ಚಿದ. ಕೀಲು ಕಾಯಿಸಿ ತೂತಿಗಿಳಿಸಿ ಹೊಡೆದ. ಆದರೆ ಇಕ್ಕಳದ ಕೀಲಿಗೊಂದು ಗುಣವಿದೆ. ಅದು ಕೆಂಪಗಿರುವಾಗಲೇ ಒಬ್ಬ ಹೊಡೆಯಬೇಕು, ಇನ್ನೊಬ್ಬ ಎರಡೂ ಕಾಲನ್ನು ತೆರೆದು ಮುಚ್ಚಿ ಆಡಿಸುತ್ತಿರಬೇಕು. ಆಡಿಸದಿದ್ದರೆ ಕೀಲು ಆರಿ, ಬಾಯಿ ಇದ್ದಲ್ಲೇ ಬಿಗಿಯುತ್ತದೆ. ಒಬ್ಬನಿಗೆ ಅದು ಆಗುವ ಕೆಲಸವಲ್ಲ. ಅಪ್ಪನಿರುವಾಗ ಅಣ್ಣ ಹೊಡೆಯುತ್ತಿದ್ದ, ತಮ್ಮ ಆಡಿಸುತ್ತಿದ್ದ.

ಬಿಗಿದುಕೊಂಡ ಇಕ್ಕಳ ಹಿಡಿದು ಮೌನೇಶ ಬಂದ. "ಅಜ್ಜಾ, ಇದು ಒಬ್ಬನ ಕೈಲೆ ಆಗೂದಿಲ್ಲ."

"ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಟಿಯೇನು?"

"ಗೊತ್ತಿದ್ದಕ್ಕ ಕೊಟ್ಟೆ. ನನ್ನ ಕೈ ನೋಡು, ಹೆಂಗ ಕುಣೀತಾವ. ಇವು ಆಡಿಸ್ತಾವಂತ ಮಾಡಿದ್ದೇನು?"

ಮೌನೇಶ ಎದ್ದು ಹೋಗಿ ಅತ್ತಿಗೆ ಕಮಲವ್ವನಿಗೆ ಸುದ್ದಿ ಮುಟ್ಟಿಸಿದನಂತೆ.

ಕಾಳಪ್ಪನನ್ನು ಹೊರಡಿಸಿದ್ದು ಕಮಲವ್ವ. ಖರ್ಜೂರಕ್ಕೆ ಹಾಕಿದವಳು ನೀನೇ ಎಂದು ಅವನು ಎಂದಿನ ರಾಗ ತೆಗೆದ. "ಹಾಕಿದಾಕಿ ನಾನಽ. ತಿಂದು ಬೀಜಾ ಉಗುಳಿದಾವ್ರು ಯಾರು, ನಮ್ಮ ಎತ್ತೇನು?" ಎಂದಳು ಕಮಲವ್ವ. ಕಾಳಪ್ಪ ಎದ್ದು ಚಕ್ಕಡಿ ಹೂಡಿ ಅಡಿಗಲ್ಲು ಹೇರಿದ.

ಹುಸೇನಜ್ಜನ ಅಂಗಳದ ಬೇವಿನ ಕೆಳಗೆ ಅಣ್ಣನ ಅಡಿಗಲ್ಲು ಇಳಿಯಿತು, ತಮ್ಮನ ತಿದಿ ಬಂತು. ತಿದಿ ಒತ್ತಲು ಕಮಲವ್ವ ಕೂತಳು. ಊರೆಲ್ಲ ಸುತ್ತ ನಿಂತಿತ್ತು. ಕಾಳಪ್ಪ ಬಿಗಿದ ಕೀಲನ್ನು ಹೊಡೆದು ತೆಗೆದ. ಬಾಗಿದ ಕಾಲನ್ನು ಕಾಯಿಸಿ ನೆಟ್ಟಗೆ ಮಾಡಿದ. ಎರಡನ್ನೂ ಜೋಡಿಸಿದ. ಗೆರೆ ಗೆರೆಗೆ ಕೂಡಿತು. ಅಷ್ಟಾದರೂ ತಮ್ಮನ ಮುಖ ನೋಡಲಿಲ್ಲ. ಕೆಂಪು ಕೀಲನ್ನು ತೂತಿಗಿಳಿಸಿ ಹೇಳಿದ: "ಹುಸೇನಜ್ಜಾ, ಅವಂಗ ಹೇಳು, ಕಾಲು ಆಡಿಸು ಅಂತ."

ಹುಸೇನಜ್ಜ ಮೌನೇಶನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ಮೌನೇಶಪ್ಪಾ, ನಿಮ್ಮಣ್ಣ ಏನ ಹೇಳ್ತಾನಂದ್ರ..."

"ಅಜ್ಜಾ, ಅವಂಗ ಹೇಳು, ಅಂವ ಹೊಡದ್ರ ನಾ ಆಡಿಸ್ತೀನಿ ಅಂತ."

ಹುಸೇನಜ್ಜ ಮತ್ತೆ ಇತ್ತ ತಿರುಗಿದ. "ಕಾಳಪ್ಪಾ, ನಿಮ್ಮ ತಮ್ಮ ಏನ ಹೇಳ್ತಾನಂದ್ರ..."

ಅಷ್ಟರಲ್ಲಿ ಕೀಲು ಕಪ್ಪಾಗಿ ಆರಿತು. ಬಾಯಿ ಬಿಗಿಯಿತು. ಕೈಯ ಹಾಗೆ ಹುಸೇನಜ್ಜನ ನಾಲಗೆಯೂ ಮುಪ್ಪಾಗಿತ್ತು ಎನ್ನುವವರು ಕೆಲವರು. ಇಲ್ಲ, ಬೇಕೆಂದೇ ತಡಮಾಡಿದ ಎನ್ನುವವರು ಕೆಲವರು.

ಕಾಳಪ್ಪ ಬೈಯುತ್ತಾ ಆ ಕೀಲನ್ನು ಹಾರಿಸಿ ಇನ್ನೊಂದನ್ನು ಬೆಂಕಿಗಿಟ್ಟ. ಹುಸೇನಜ್ಜ ಅಂದನಂತೆ: "ಇದು ಕಡೀದು. ತೂತು ಅಗಲ ಆಗಾಕ ಹತ್ತೇತಿ. ಇನ್ನೊಮ್ಮೆ ಹೊಡದ್ರ ಹರದಽ ಹೋಗತೈತಿ. ಆಮ್ಯಾಲ ನಂಗ ಕೊಡ್ರಿ, ಭಟ್ಟಿಗೆ ಹಾಕ್ತೀನಿ."

ಕೀಲು ಕೆಂಪೇರಿತು, ತೂತಿಗಿಳಿಯಿತು. ಕಾಳಪ್ಪ ಸುತ್ತಿಗೆ ಎತ್ತಿ ಹುಸೇನಜ್ಜನ ಕಡೆ ನೋಡಿದ. ಹುಸೇನಜ್ಜ ಬೇವಿನ ಮರ ನೋಡುತ್ತಿದ್ದ. ಕೆಂಪು ಇಳಿಯತೊಡಗಿತು.

"ಆಡಿಸಲೇ ಮೌನ್ಯಾ!" ಎಂದು ಕಾಳಪ್ಪ ಒದರಿದ.

"ಹೊಡೀ ಅಣ್ಣಾ, ಹೊಡೀ!"

ಅಣ್ಣ ಹೊಡೆದ, ತಮ್ಮ ಆಡಿಸಿದ. ಹೊಡೆದ, ಆಡಿಸಿದ. ಕೆಂಪು ಹೋಗಿ ಕಪ್ಪು ಬರುವವರೆಗೂ ಇಬ್ಬರೂ ಬೈದಾಡುತ್ತಲೇ ಇದ್ದರಂತೆ, ಹಿಂದಿನ ಎಲ್ಲ ವರ್ಷದ ಬೈಗುಳ ಸೇರಿಸಿ. ಮೌನೇಶ ಕೊನೆಯ ಸಲ ಕಾಲು ಎಳೆದಾಗ ಇಕ್ಕಳ ಸಲೀಸಾಗಿ ತೆರೆಯಿತು, ಸಲೀಸಾಗಿ ಮುಚ್ಚಿತು. ತಿದಿ ಒತ್ತುವುದನ್ನು ಕಮಲವ್ವ ಮರೆತಿದ್ದಳು. ಕಾಳಪ್ಪ ಬೆವರು ಒರೆಸಿಕೊಂಡು, "ಅಪ್ಪ ಇದ್ದಿದ್ರ ಇನ್ನೊಂದು ಏಟು ಹಾಕಲೇ ಅಂತಿದ್ದ" ಎಂದ. ಮೌನೇಶ ಕಣ್ಣಿಗೆ ಹೊಗೆ ಹೋಯಿತೆಂದು ಅತ್ತ ತಿರುಗಿದ.

ಗೋಡೆಯನ್ನೇನೂ ಅವರು ಕೆಡವಲಿಲ್ಲ. ಇಕ್ಕಳ ಮಾತ್ರ ಗೋಡೆಯ ಮೇಲಿಂದ ಅತ್ತ ಇತ್ತ ಹೋಗುತ್ತಿತ್ತು, ಜೊತೆಗೆ ನಾಲ್ಕು ಮಾತೂ ಹೋಗುತ್ತಿದ್ದವು. ಮುಂದಿನ ಸುಗ್ಗಿಗೆ ಹುಸೇನಜ್ಜನಿರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದವರು ಅವನ ಗೋಡೆಯಿಂದ ಒಂದೊಂದು ಸಾಮಾನು ಇಳಿಸಿ ಒಯ್ದರು. ಭಟ್ಟಿಗೆ ಯಾರೂ ಹಾಕಲಿಲ್ಲ ಎನ್ನುತ್ತಾರೆ. ಈಶ್ವರಪ್ಪನ ಇಕ್ಕಳ ಈಗ ಎಲ್ಲಿದೆ, ಯಾರಿಗೂ ಗೊತ್ತಿಲ್ಲ.

ಆದರೆ ಜಾಲಿಮಡ್ಡಿಯ ಕಡೆ ಇವತ್ತಿಗೂ ಮನೆ ಪಾಲಾದರೆ ಕಸುಬಿನ ಸಾಮಾನನ್ನು ಪಾಲಿಗೆ ಹಾಕುವುದಿಲ್ಲ. ಹೊಲ, ದನ, ಪಾತ್ರೆ ಎಲ್ಲ ಹಂಚಿ ಮುಗಿದ ಮೇಲೆ ಹಳೇ ಒಲೆಯಿಂದ ಹೊಸ ಒಲೆಗೆ ಕೆಂಡ ಒಯ್ಯುತ್ತಾರೆ. ಇಕ್ಕಳದ ಒಂದು ಕಾಲನ್ನು ಅಣ್ಣ ಹಿಡಿಯಬೇಕು, ಇನ್ನೊಂದನ್ನು ತಮ್ಮ ಹಿಡಿಯಬೇಕು. ಹಾಗೆ ಹಿಡಿದೇ ಅಂಗಳ ದಾಟಬೇಕು. ಅದಕ್ಕೆ ಹುಸೇನಜ್ಜನ ಹಿಡಿ ಎನ್ನುತ್ತಾರೆ. ದಾರಿಯಲ್ಲಿ ಕೆಂಡ ಬಿದ್ದರೆ ಯಾರೂ ಅಪಶಕುನ ಎನ್ನುವುದಿಲ್ಲ. ತಿರುಗಿ ಹೋಗಿ ಇನ್ನೊಂದು ಹಿಡಿದು ಬನ್ನಿ ಎನ್ನುತ್ತಾರೆ.