ಸೀತಾಫಲದ ಐಸ್ ಕ್ರೀಮಿಗೊಂದು ಡಬ್ಬಿ

“ಕಾಲು ಮೇಲೆ, ತಲೆ ಕೆಳಗೆ ಇದ್ದಾಗಲೇ ನಿನಗೆ ಪ್ರಶ್ನೆ ಬರೋದು, ಪಂಚಾಕ್ಷರಿ! ನೆಟ್ಟಗೆ ನಿಂತಾಗ ಒಂದು ದಿನವಾದ್ರೂ ಏನಾದ್ರೂ ಕೇಳಿದ್ದೀಯಾ? ಒಳ್ಳೆ ಮಾತು ಆಡೋಕೆ ಸರಿಯಾದ ಹೊತ್ತು ಯಾವುದು ಅಂತೀಯ. ಅದು ಗೊತ್ತಿದ್ದಿದ್ರೆ ನಾನ್ಯಾಕೆ ಹೀಗಿರ್ತಿದ್ದೆ? ಇಳಿಸು ಮೊದಲು ಕಾಲು.”

ಹೀಗೆ ಗೊಣಗಿದವರು ಮರುಳಸಿದ್ದಪ್ಪನವರು. ಗೂಡ್ಸ್ ರೈಲಿನ ಗಾರ್ಡ್ ಆಗಿ ಮೂವತ್ತೊಂದು ವರ್ಷ ಹಸಿರು ಬಾವುಟ ಬೀಸಿ ನಿವೃತ್ತರಾದವರು. ಈಗ ಅರಸೀಕೆರೆಯ ಒಂದು ಸಮುದಾಯ ಭವನದ ಮಹಡಿ ಮೇಲೆ ಬೆಳಗ್ಗೆ ಆರೂವರೆಗೆ ಯೋಗ ಹೇಳಿಕೊಡುತ್ತಿದ್ದರು. ಶಿಷ್ಯರು ಒಂಬತ್ತು ಜನ; ಮಳೆ ಬಂದರೆ ನಾಲ್ಕು. ಕೊನೆಯ ಹತ್ತು ನಿಮಿಷ ಪ್ರಶ್ನೆಗಳಿಗೆ ಮೀಸಲು. ಪ್ರಶ್ನೆ ಕೇಳಿದರೆ ಆಸನ ತಪ್ಪುತ್ತದೆ ಅಂತ ಶಿಷ್ಯರಿಗೆ ಗೊತ್ತು. ಕತೆ ಹೇಳಿದರೆ ಉತ್ತರ ತಪ್ಪುತ್ತದೆ ಅಂತ ಗುರುಗಳಿಗೆ ಗೊತ್ತು. ಹಾಗಾಗಿ ಎರಡೂ ಕಡೆಯವರು ಸುಖವಾಗಿದ್ದರು.

ಆದರೆ ಇವತ್ತಿನ ಪ್ರಶ್ನೆ ಆಸನ ತಪ್ಪಿಸುವ ಪ್ರಶ್ನೆ ಅಲ್ಲ ಅಂತ ಗುರುಗಳಿಗೆ ಪಂಚಾಕ್ಷರಿಯ ಮುಖ ನೋಡಿಯೇ ತಿಳಿಯಿತು. ಪಂಚಾಕ್ಷರಿ ಫೋಟೋಗೆ ಕಟ್ಟು ಹಾಕುವವನು. ಅವನ ಅಂಗಡಿ ಎದುರಿಗೇ ಅವನ ಅಣ್ಣನ ಹಾರ್ಡ್‌ವೇರ್ ಅಂಗಡಿ. ಎರಡು ವರ್ಷದ ಹಿಂದೆ ಅಣ್ಣನಿಂದ ಏಣಿ ಇಸ್ಕೊಂಡಿದ್ದ. ಹನ್ನೆರಡು ಮೆಟ್ಟಿಲಿನ ಏಣಿ. ವಾಪಸ್ ಕೊಡುವಾಗ ಹನ್ನೊಂದು ಇತ್ತು. “ತಗೊಂಡಾಗಲೇ ಹೀಗಿತ್ತು” ಅಂದ. ಅಣ್ಣ ಮಾತು ಬಿಟ್ಟ. ಅವತ್ತಿನಿಂದ ಇಬ್ಬರೂ ಒಂದೇ ಹೊತ್ತಿಗೆ ಅಂಗಡಿ ಬಾಗಿಲು ತೆಗೆಯುತ್ತಾರೆ, ಒಂದೇ ಹೊತ್ತಿಗೆ ಬೇರೆ ಬೇರೆ ದಿಕ್ಕು ನೋಡುತ್ತಾರೆ.

ಪಂಚಾಕ್ಷರಿ ಕಾಲು ಇಳಿಸಿ ಚಾಪೆ ಮೇಲೆ ಕೂತ. “ತಪ್ಪು ನಂದೇ ಗುರುಗಳೇ. ಹೇಳ್ಬಿಡಬೇಕು ಅಂತ ಇದ್ದೀನಿ. ಆದ್ರೆ ಹಂಗೇ ರಸ್ತೆ ದಾಟಿ ಹೋಗಿ ಹೇಳೋಕಾಗುತ್ತಾ? ಯುಗಾದೀಲಿ ಹೇಳೋಣ ಅಂದ್ಕೊಂಡೆ, ಅವನಿಗೆ ಹಲ್ಲುನೋವು. ದೀಪಾವಳೀಲಿ ಅಂದ್ಕೊಂಡೆ, ಪಟಾಕಿ ಸದ್ದಿಗೆ ಕೇಳ್ಸಲ್ಲ. ಅತ್ತೆ ಮಗಳ ಮದುವೇಲಿ ಪಕ್ಕದ ಎಲೆಗೇ ಕೂತಿದ್ದ. ಆದ್ರೆ ಅಷ್ಟರಲ್ಲಿ ತಿಳಿಸಾರು ಬಂತು.”

“ಅವನು ಏನಾದ್ರೂ ಅಂದ್ನಾ?”

“‘ಉಪ್ಪು’ ಅಂದ. ಕೊಟ್ಟೆ.”

ಮರುಳಸಿದ್ದಪ್ಪನವರಿಗೆ ಒಂದು ಕತೆ ಗೊತ್ತಿತ್ತು. ಹೇಳುವ ಮನಸ್ಸಿರಲಿಲ್ಲ. ಆದರೆ ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

ಒಂದೂರಲ್ಲಿ ಒಬ್ಬ ವರ್ತಕ ಇದ್ದ. ಅವನ ಹೆಂಡತಿಗೆ ಸೀತಾಫಲ ಅಂದ್ರೆ ಪ್ರಾಣ. ಒಂದು ದಿನ ಅವಳು ಅಂದಳು: “ಮದುವೆಯಾಗಿ ಇಷ್ಟು ವರ್ಷ ಆಯ್ತು. ನಿಮ್ಮ ಕೈಯಾರೆ ಮಾಡಿದ್ದು ಒಂದು ಲೋಟ ನೀರೂ ನಾನು ಕುಡಿದಿಲ್ಲ.” ವರ್ತಕನಿಗೆ ನಾಟಿತು. ಸಂತೆಗೆ ಹೋಗಿ ಇಪ್ಪತ್ತೆರಡು ಸೀತಾಫಲ ತಂದ. ಐಸ್ ಕ್ರೀಮ್ ಮಾಡ್ತೀನಿ, ನೀನು ಅಡುಗೆಮನೆಗೆ ಬರಬೇಡ ಅಂದ. ಬೀಜ ಬಿಡಿಸೋಕೇ ಅರ್ಧ ದಿನ ಹಿಡಿಯಿತು. ಒಂದು ಹಣ್ಣಿಗೆ ನಲವತ್ತು ಬೀಜ. ಕೆಲವಕ್ಕೆ ನಲವತ್ತಮೂರು.

“ಅದು ಹೇಗೆ ಗುರುಗಳೇ ಅಷ್ಟು ಕರಾರುವಾಕ್ಕಾಗಿ...” ಅಂದ ಪಂಚಾಕ್ಷರಿ.

“ಕತೇಲಿ ಹಾಗೇ ಇದೆ. ಸುಮ್ನೆ ಕೇಳು,” ಅಂದು ಗುರುಗಳು ಮುಂದುವರಿಸಿದರು.

ಹಾಲು ಬತ್ತಿಸಿದ, ಸಕ್ಕರೆ ಹಾಕಿದ, ಹಣ್ಣು ಬೆರೆಸಿದ. ಫ್ರೀಜರಿನಲ್ಲಿಟ್ಟು ತೆಗೆದು, ಕಡೆದು, ಮತ್ತೆ ಇಟ್ಟ. ಸಾಯಂಕಾಲದ ಹೊತ್ತಿಗೆ ಐಸ್ ಕ್ರೀಮ್ ಹದಕ್ಕೆ ಬಂತು. ಹೆಂಡತಿ ಚಮಚ ಹಿಡಿದು ಬಾಗಿಲಲ್ಲಿ ನಿಂತಳು. “ಒಂದು ಚೂರು ಕೊಡಿ.”

ವರ್ತಕ ಕೈ ಅಡ್ಡ ಹಿಡಿದ. “ಈಗಲ್ಲ. ಸರಿಯಾದ ಡಬ್ಬಿಗೆ ಹಾಕಿ ಗಟ್ಟಿ ಮಾಡ್ಬೇಕು. ಹೀಗೆ ಬೋಗುಣೀಲಿ ತಿಂದ್ರೆ ಮರ್ಯಾದೆ ಅಲ್ಲ.”

ಮೊದಲು ಸ್ಟೀಲ್ ಡಬ್ಬಿಗೆ ತುಂಬಿದ. ಮಾರನೇ ದಿನ ಅದರ ಮುಚ್ಚಳ ಬರಲಿಲ್ಲ. ಅವನು ಎಳೆದ, ಹೆಂಡತಿ ಎಳೆದಳು, ಆಮೇಲೆ ಒಬ್ಬರು ಡಬ್ಬಿ, ಒಬ್ಬರು ಮುಚ್ಚಳ ಹಿಡಿದು ಎಳೆದರು. ಕೊನೆಗೆ ಬಿಸಿನೀರಲ್ಲಿ ಇಟ್ಟರು. ಮುಚ್ಚಳ ಬಂತು. ಒಳಗೆ ಪಾಯಸ ಇತ್ತು.

ಹೆಂಡತಿ ಚಮಚ ಎತ್ತಿದಳು. “ಪಾಯಸ ಆದ್ರೂ ಪರ್ವಾಗಿಲ್ಲ ರೀ.”

“ಛೆ, ಇರು,” ಅಂದ. ಮತ್ತೆ ಕಡೆದು ಗಾಜಿನ ಭರಣಿಗೆ ಸುರಿದ, ಕತ್ತಿನವರೆಗೂ. ಅದು ಹೆಪ್ಪುಗಟ್ಟಿ ಉಬ್ಬಿತು. ಗಾಜು ಉಬ್ಬಲಿಲ್ಲ. ಟಪ್ ಅಂತ ಸದ್ದು ಕೇಳಿ ಹೆಂಡತಿ ನಡುಮನೆಯಿಂದ ಕೂಗಿದಳು, “ಡಬ್ಬಿ ಸರಿಹೋಯ್ತಾ?”

ಅಲ್ಲಿಗೆ ಅರ್ಧ ಐಸ್ ಕ್ರೀಮ್ ಹೋಯಿತು. ಗಾಜು ತಾಕದೆ ಉಳಿದದ್ದನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ. ಅದರಲ್ಲಿ ನಾಲ್ಕು ವರ್ಷ ಹುಳಿಪುಡಿ ಇತ್ತು. ತೊಳೆದಿದ್ದರು. ಆದರೆ ಹುಳಿಪುಡಿಗೆ ಅದು ಗೊತ್ತಿರಲಿಲ್ಲ. ವರ್ತಕ ಮುಚ್ಚಳ ತೆಗೆದು ಮೂಸಿ ನೋಡಿದ. ಅವನಿಗೆ ಅನ್ನ ಉಣ್ಣೋ ಆಸೆ ಆಯಿತು. ಮೇಲಿನ ಒಂದು ಪದರ ಕೆರೆದು ಬಿಸಾಕಿದ. ಉಳಿದದ್ದು ಒಂದು ಮುಷ್ಟಿ.

ಆಗ ಅವನಿಗೆ ಜ್ಞಾನೋದಯ ಆಯಿತು. ಐಸ್ ಕ್ರೀಮಿಗೆ ಅಂತಲೇ ಮಾಡಿದ ಡಬ್ಬಿ ಯಾವುದು? ಅಂಗಡಿ ಐಸ್ ಕ್ರೀಮಿನ ಡಬ್ಬಿ! ಮನೇಲೇ ಒಂದು ಇತ್ತಲ್ಲ. ಹೆಂಡತಿ ಅದರಲ್ಲಿ ತೆಂಗಿನಕಾಯಿ ತುರಿದು ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದಳು. ಅವಳು ಹಿಟ್ಟಿನ ಗಿರಣಿಗೆ ಹೋದಾಗ ವರ್ತಕ ಕಾಯಿತುರಿಯನ್ನ ಸ್ಟೀಲ್ ಡಬ್ಬಿಗೆ ಸುರಿದು ಹಿಂದಕ್ಕೆ ತಳ್ಳಿದ. ಖಾಲಿ ಡಬ್ಬಿ ತೊಳೆದು, ಒರೆಸಿ, ಐಸ್ ಕ್ರೀಮ್ ತುಂಬಿ, ಕಾಯಿತುರಿ ಇದ್ದ ಜಾಗದಲ್ಲೇ ಇಟ್ಟ. ಮುಚ್ಚಳದ ಮೇಲೆ ದೊಡ್ಡಕ್ಷರದಲ್ಲಿ ಐಸ್ ಕ್ರೀಮ್ ಅಂತಲೇ ಅಚ್ಚಾಗಿತ್ತು. ಬೇರೆ ಹೇಳೋದೇನಿದೆ ಅಂತ ಯಾರಿಗೂ ಹೇಳಲಿಲ್ಲ. ನಾಳೆ ಊಟ ಆದ ಮೇಲೆ ಮುಚ್ಚಳ ತೆಗೆದು, ಹೆಂಡತಿ ಮುಂದೆ ಇಟ್ಟು, ಅವಳ ಮುಖ ನೋಡಬೇಕು ಅಂತ ಅವನ ಆಸೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಹಿಂದಿನ ಚಾಪೆಯಿಂದ ಒಬ್ಬ ಹೆಂಗಸು “ಅಯ್ಯೋ ಶಿವನೇ” ಅಂದರು. ಅವರಿಗೆ ಮುಂದಿನದು ಗೊತ್ತಾಗಿತ್ತು. ಯಾವ ಮನೇಲಿ ತಾನೇ ಐಸ್ ಕ್ರೀಮ್ ಡಬ್ಬೀಲಿ ಐಸ್ ಕ್ರೀಮ್ ಇರುತ್ತೆ?

“ಮುಂದೆ?” ಅಂದ ಪಂಚಾಕ್ಷರಿ. ಅವನಿಗೆ ಗೊತ್ತಾಗಿರಲಿಲ್ಲ.

ಮುಂದೆ ಬೆಳಗಾಯಿತು. ವರ್ತಕನ ಹೆಂಡತಿ ಇಡ್ಲಿಗೆ ಇಟ್ಟಳು. ಚಟ್ನಿಗೆ ಡಬ್ಬಿ ತೆಗೆದಳು. ಹೆಪ್ಪುಗಟ್ಟಿದ ಮೇಲೆ ಎಲ್ಲ ಬೆಳ್ಳಗಿರೋದೂ ಒಂದೇ, ವಾಸನೆಯೂ ಬರಲ್ಲ. ಇಡೀ ಗಡ್ಡೆಯನ್ನ ಮಿಕ್ಸಿಗೆ ಹಾಕಿದಳು. ಐದು ಹಸಿಮೆಣಸಿನಕಾಯಿ, ಹುರಿಗಡಲೆ, ಉಪ್ಪು, ಚೂರು ಹುಣಸೆಹಣ್ಣು. ರುಬ್ಬಿ, ಸಾಸಿವೆ ಕರಿಬೇವು ಒಗ್ಗರಣೆ ಕೊಟ್ಟಳು.

ವರ್ತಕ ಎರಡು ಇಡ್ಲಿ ತಿಂದ. ಮೂರನೇದಕ್ಕೆ ಕೈ ಹಾಕುವಾಗ ಅಂದ, “ಚಟ್ನಿ ಯಾಕೋ ಸ್ವಲ್ಪ ಸಿಹಿ ಇದೆಯಲ್ಲೇ?”

“ಕಾಯಿ ಎಳೇದಿರ್ಬೇಕು,” ಅಂದಳು ಹೆಂಡತಿ.

ಅವನು ನುಂಗಿದ. ಆಮೇಲೆ ತುತ್ತು ಕೈಯಲ್ಲೇ ನಿಂತಿತು. “ಯಾವ ಡಬ್ಬೀದು?”

ಮಹಡಿ ಮೇಲೆ ನಗು ಎದ್ದಿತು. ಅಂಗಾತ ಮಲಗಿದ್ದವರೂ ಎದ್ದು ಕೂತು ನಕ್ಕರು. ಪಂಚಾಕ್ಷರಿ ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣು ಒರೆಸಿಕೊಂಡು ಕೇಳಿದ:

“ಹಾಗಾದ್ರೆ ಸರಿಯಾದ ಡಬ್ಬಿ ಯಾವುದು ಗುರುಗಳೇ?”

ಮರುಳಸಿದ್ದಪ್ಪನವರು ನಗಲಿಲ್ಲ.

“ತಿನ್ನೋರು ಚಮಚ ಹಿಡಿದು ಎದುರಿಗೆ ನಿಂತಿರುವಾಗ ಡಬ್ಬಿ ಹುಡುಕಬಾರದು ಕಣಪ್ಪ.”

ಪಂಚಾಕ್ಷರಿಯ ನಗು ಅಲ್ಲೇ ನಿಂತಿತು. ಎದ್ದು, ಚಾಪೆ ಸುತ್ತಿಕೊಂಡು, ಮೆಟ್ಟಿಲು ಇಳಿದು ಹೋದ. ಸುತ್ತಿಕೊಂಡು ಹೋದದ್ದು ಗುರುಗಳ ಚಾಪೆ.

ಗುರುಗಳು ದಾರೀಲಿ ಹಾಲು ತಗೊಂಡು, ಇಬ್ಬರ ಹತ್ತಿರ ಮಾತಾಡಿಕೊಂಡು ಮನೆ ತಲುಪೋ ಹೊತ್ತಿಗೆ ಎಂಟೂವರೆ. ಕತೆ ಅವರಿಗಿಂತ ಮೊದಲೇ ತಲುಪಿತ್ತು. ಅವರ ಹೆಂಡತಿ ಸರ್ವಮಂಗಳಮ್ಮ ಫೋನ್ ಕೆಳಗಿಟ್ಟು ಬಾಗಿಲಿಗೆ ಬಂದರು.

“ಪಂಚಾಕ್ಷರಿ ಹೆಂಡ್ತಿ ಫೋನ್ ಮಾಡಿದ್ಲು. ಅವನು ಮನೆಗೂ ಬರದೆ ಸೀದಾ ಅಣ್ಣನ ಅಂಗಡಿಗೆ ಹೋದನಂತೆ. ಯೋಗದ ಚಡ್ಡೀಲೇ. ಕಂಕುಳಲ್ಲಿ ಚಾಪೆ ಬೇರೆ. ಏಣಿ ಮುರಿದಿದ್ದು ನಾನೇ ಅಂದನಂತೆ. ಅಣ್ಣ, ‘ಅದು ನಂಗೆ ಅವತ್ತೇ ಗೊತ್ತಿತ್ತು ಕಣೋ, ಮೊದಲು ಒಳಗೆ ಬಾ, ಜನ ನೋಡ್ತಾರೆ’ ಅಂತ ಕೂರಿಸಿ ಕಾಫಿ ತರಿಸಿದನಂತೆ. ಇಬ್ಬರೂ ಇನ್ನೂ ಅಲ್ಲೇ ಕೂತಿದ್ದಾರಂತೆ.”

“ಒಳ್ಳೇದಾಯ್ತು,” ಅಂದರು ಮರುಳಸಿದ್ದಪ್ಪನವರು. ಹಾಲಿನ ಪ್ಯಾಕೆಟ್ ಕೊಟ್ಟು, ಮೆಲ್ಲಗೆ ರೂಮಿನ ಕಡೆ ಹೊರಟರು.

“ಏನೋ ವರ್ತಕನ ಕತೆ ಹೇಳಿದ್ರಂತೆ.”

“ಹೂಂ. ಹಳೇ ಕತೆ.”

“ಗೊತ್ತು,” ಅಂದರು ಸರ್ವಮಂಗಳಮ್ಮ. “ಹೋದ ವರ್ಷದ್ದು.”

ಮರುಳಸಿದ್ದಪ್ಪನವರು ನಿಂತರು. ತಿರುಗಿ ನೋಡಲಿಲ್ಲ. ಹಿಂದಿನಿಂದ ಹೆಂಡತಿಯ ಮಾತು ಬಂತು:

“ಸಂತೆಗೆ ಸೀತಾಫಲ ಬಂದಿದೆ. ಆ ವರ್ತಕ ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ, ಅವನ ಹೆಂಡ್ತಿ ಇನ್ನೂ ಚಮಚ ಕೆಳಗಿಟ್ಟಿಲ್ಲ ಅಂತ.”