ಒಂದೇ ಅಗಲದ ಮನೆ

“ಗುರುಗಳೇ, ‘ರ’ ಬಡಕಲು, ‘ಣ’ ಡೊಳ್ಳುಹೊಟ್ಟೆಯದು. ಎರಡಕ್ಕೂ ಒಂದೇ ಅಗಲದ ಮನೆ ಕೊಡು ಅನ್ನುತ್ತೀರಿ. ಗೆರೆಯೆಲ್ಲ ಒಂದೇ ದಪ್ಪ. ಬಾಲವಿಲ್ಲ, ಬಳುಕಿಲ್ಲ. ಇದೂ ಒಂದು ಅಕ್ಷರವೇ?” ಎಂದು ಕಾಳಾಚಾರಿ ಕೇಳಿದ.

ಆಸ್ಪತ್ರೆಯ ಹಲಗೆಗೆ ಮರದ ಅಕ್ಷರ ಕೆತ್ತುವುದು ಅವನ ಮೊದಲ ಸ್ವಂತ ಕೆಲಸ. ಹೆಸರು ಬರುವುದಿದ್ದರೆ ಇದರಲ್ಲೇ ಬರಬೇಕು. ಗುರುಗಳು ನೋಡಿದರೆ ಇಟ್ಟಿಗೆ ಜೋಡಿಸು ಅನ್ನುತ್ತಿದ್ದಾರೆ.

ಮೌನಪ್ಪಾಚಾರ್ಯರು ಉಳಿ ಕೆಳಗಿಟ್ಟರು. “ಬಳುಕಿನ ಮಾತು ನನ್ನ ಹತ್ತಿರ ಆಡಬೇಡವಯ್ಯಾ. ನಾನು ಕೆತ್ತಿದ ‘ಣ’ ನೋಡಲು ಮೂರು ತಾಲ್ಲೂಕಿನವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅದರ ಸುರುಳಿಯಲ್ಲಿ ಗುಬ್ಬಿಯೊಂದು ಗೂಡು ಕಟ್ಟಿ ಮಕ್ಕಳು ಮೊಮ್ಮಕ್ಕಳನ್ನು ಕಂಡಿತು. ನಂಬಿಕೆಯಿಲ್ಲದಿದ್ದರೆ ಗುಬ್ಬಿಯನ್ನೇ ಕೇಳು. ಈಗ ಕತೆ ಕೇಳು.

“ಒಬ್ಬ ವೈದ್ಯನಿದ್ದ. ಯಾವ ಮದ್ದಿನ ಒಂದು ಹನಿಗೆ ಎಷ್ಟು ಚಮಚ ನೀರು ಎಂಬುದನ್ನು ಹಲಗೆಯ ಮೇಲೆ ಮರದ ಅಕ್ಷರ ಹೊಡೆಸಿ ಗೋಡೆಗೆ ಹಾಕಿದ್ದ. ಮದ್ದು ಕಲಸುವವನು ಅದನ್ನು ನೋಡಿಯೇ ಕಲಸಬೇಕು. ಅಕ್ಷರಗಳು ಬಳ್ಳಿಯ ಹಾಗೆ ಒಂದರ ಮೇಲೊಂದು ಹಬ್ಬಿದ್ದವು. ಒಂದು ದಿನ ‘೧೨ ಚಮಚ’ದ ೧ ಕಳಚಿ ಬಿತ್ತು. ಪಕ್ಕದ ಅಕ್ಷರದ ಬಾಲ ಆ ಸಂದನ್ನು ಮುಚ್ಚಿತು. ಹನಿಗೆ ಎರಡೇ ಚಮಚ ನೀರಿನಂತೆ ಕಲಸಿದ ಮದ್ದನ್ನು ಬಟ್ಟಲು ತುಂಬ ಕುಡಿದ ಕುಂಬಾರ ಮೂರು ದಿನ ಕಣ್ಣು ಬಿಡಲಿಲ್ಲ. ಬದುಕಿಕೊಂಡ. ಆದರೆ ತಿಗರಿಯ ಮೇಲೆ ಅವನ ಕೈ ಮತ್ತೆ ನಿಲ್ಲಲಿಲ್ಲ.

“ವೈದ್ಯ ಆ ಹಲಗೆ ಕಿತ್ತು ಹೊಸದು ಮಾಡಿಸಿದ. ಈ ಸಲ ಪ್ರತಿ ಅಕ್ಷರಕ್ಕೂ ಅಳೆದು ಕೊಟ್ಟ ಒಂದೇ ಅಗಲದ ಮನೆ. ಬಡಕಲು ಅಕ್ಷರ ಕಾಲು ಅಗಲಿಸಿ ನಿಂತಿತು, ದಪ್ಪನೆಯದು ಹೊಟ್ಟೆ ಒಳಗೆಳೆದುಕೊಂಡಿತು. ಹತ್ತರ ಅಂಕಿಯ ಕೆಳಗೆ ಹತ್ತರದ್ದು, ಬಿಡಿಯ ಕೆಳಗೆ ಬಿಡಿ, ನೂಲು ಹಿಡಿದ ಹಾಗೆ. ನೋಡಿದವರು ನಕ್ಕರು.

“ವರ್ಷ ಕಳೆಯಿತು. ಮೊಳೆ ತುಕ್ಕು ಹಿಡಿದು ಅದೇ ಅಂಕಿ ಮತ್ತೆ ಬಿತ್ತು. ಕಲಸಲು ಬಂದ ಹೊಸಬ ಅವಸರದಲ್ಲಿ ಹನಿಗೆ ಎರಡೇ ಚಮಚ ನೀರಿನಂತೆ ಕಲಸಿ, ರೋಗಿಯ ಬಾಯಿಗೆ ಬಟ್ಟಲು ಹಿಡಿದೂ ಆಗಿತ್ತು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಮುದುಕಿಗೆ ಓದು ಬಾರದು, ಕಣ್ಣೂ ಮಂಜು. ಅವಳು ಪೊರಕೆ ನಿಲ್ಲಿಸಿ, ‘ಅಲ್ಲ ಕಣಪ್ಪಾ, ನಿಮ್ಮ ಹಲಗೆಗೆ ಹಲ್ಲು ಬಿದ್ದಿದೆಯಲ್ಲ!’ ಎಂದಳು. ಹೊಸಬ ತಿರುಗಿ ನೋಡಿದ. ಬಟ್ಟಲು ಕೆಳಗಿಳಿಯಿತು.”

“ಓದು ಬಾರದವಳು ಕಂಡುಹಿಡಿದಳೇ, ಗುರುಗಳೇ?”

“ಇದ್ದ ಅಕ್ಷರವನ್ನು ಓದು ಬಂದವರು ಓದಿಕೊಳ್ಳುತ್ತಾರೆ, ಬಿದ್ದದ್ದು ಓದು ಬಾರದವರಿಗೂ ಕಾಣುವ ಹಾಗೆ ಕೆತ್ತು.”